ಕೆರೆಬಿಳಚಿಯ ಸೇತುವೆ, ಹೊನ್ನಾಳಿಯ ಸೇತುವೆ

ಆಣೆ ಎಂದರೆ ಕಲ್ಲೇಶಪ್ಪನಿಗೆ ಹಾವು ತುಳಿದಷ್ಟು ಭಯ. ಚನ್ನಗಿರಿಯ ಪೇಟೆಬೀದಿಯಲ್ಲಿ ವಿಭೂತಿ, ಊದುಬತ್ತಿ, ಕರ್ಪೂರ ಮಾರುವುದು ಅವನ ಕಸುಬು. ಕರ್ಪೂರ ಕೇಳಿದ ಗಿರಾಕಿಯ ಮುಖ ಬಿಗಿದುಕೊಂಡಿದ್ದರೆ, "ಪೂಜೆಗೇನ್ರೀ, ಪ್ರಮಾಣಕ್ಕೇನ್ರೀ?" ಎಂದು ವಿಚಾರಿಸುತ್ತಿದ್ದ. ಪ್ರಮಾಣಕ್ಕೆ ಎಂದು ಗೊತ್ತಾದರೆ, "ಖಾಲಿ ಆಗೈತೆ, ಮುಂದ್ಲಂಗಡೀಲಿ ನೋಡ್ರಿ" ಎನ್ನುತ್ತಿದ್ದ.

"ಅದೂ ಸುಳ್ಳೇ ಅಲ್ಲೇನ್ರೀ?" ಎಂದು ಒಳಗಿನಿಂದ ಹೆಂಡತಿ ಸರ್ವಮಂಗಳಮ್ಮ ನಗುತ್ತಿದ್ದಳು.

ಅವನು ನಗುತ್ತಿರಲಿಲ್ಲ. ದೇವರ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ ಒಂದು ಮಾತು ಹೇಳಿದರೆ ಅದು ಆಣೆ. ಮಾತು ಸುಳ್ಳಾಗಿದ್ದರೆ ಆ ಉರಿ ಆರುವುದಿಲ್ಲ, ಹೇಳಿದವನ ಮನೆಯೊಳಗೆ ಹೋಗಿ ಕೂರುತ್ತದೆ ಎಂದು ಅವನ ಅವ್ವ ಹೇಳುತ್ತಿದ್ದಳು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ತಮ್ಮ ಜಂಪಣ್ಣನನ್ನು ಎತ್ತಿ ಬೆಳೆಸಿದವನೂ ಅವನೇ. ದಿನ ಮುಳುಗುವ ಹೊತ್ತಿಗೆ ಅಂಗಡಿಯ ಹಲಗೆ ಹಾಕಿ ಮಠಕ್ಕೆ ಹೋಗಿ, ಕಂಬಕ್ಕೆ ಒರಗಿ, ಪುರಾಣ ಓದುವುದನ್ನು ಕಣ್ಣು ಮುಚ್ಚಿ ಕೇಳುವುದೊಂದೇ ಅವನಿಗಿದ್ದ ಚಟ. ಎಷ್ಟೋ ಪದ್ಯಗಳು ಕೇಳಿ ಕೇಳಿಯೇ ಬಾಯಿಗೆ ಬಂದಿದ್ದವು. ಮನಸ್ಸು ಕಲಕಿದಾಗ ತುಟಿ ಅಲುಗಿಸದೆ ಒಳಗೊಳಗೇ ಒಂದು ಪದ್ಯ ಹೇಳಿಕೊಂಡು ಸಮಾಧಾನ ತಂದುಕೊಳ್ಳುತ್ತಿದ್ದ.

ಅದು ಎಂಬತ್ತೆಂಟನೆಯ ಇಸವಿ. ಸರ್ವಮಂಗಳಮ್ಮ ತುಂಬಿದ ಬಸುರಿ. ಹಿಂದೆ ಎರಡು ಸಲ ಕಟ್ಟಿದ ಬಸಿರು ನಿಂತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಪಾತ್ರೆ ಕೂಡ ಸದ್ದಾಗದಂತೆ ಇಡುತ್ತಿದ್ದರು.

ಜಂಪಣ್ಣ ಅಂಗಡಿಯ ಪಕ್ಕದ ಜಗಲಿಯಲ್ಲಿ ಕೂತು ರೇಡಿಯೋ, ಟೇಪ್‌ರೆಕಾರ್ಡರ್, ಟಿವಿ ರಿಪೇರಿ ಮಾಡುತ್ತಿದ್ದ. ಕೆರೆಬಿಳಚಿಯ ಬಂಗಾರಪ್ಪನ ಅಳಿಯ ಮಸ್ಕತ್‌ನಲ್ಲಿ ಲಾರಿ ಓಡಿಸುವವನು. ರಜಕ್ಕೆ ಬರುವಾಗ ಅವನು ಟಿವಿಗೆ ಸಿಕ್ಕಿಸಿ ಆಡುವ ಒಂದು ಆಟದ ಮಿಷನ್ ತಂದಿದ್ದ. ಅದು ಕೆಟ್ಟಾಗ ಬಂಗಾರಪ್ಪ ಚೀಲದಲ್ಲಿ ಹಾಕಿಕೊಂಡು ಬಂದು ಜಂಪಣ್ಣನ ಮುಂದಿಟ್ಟ. ರಿಪೇರಿ ಬೇಗನೆ ಆಯಿತು. ಆದರೆ "ಸರಿಯಾಗಿ ಓಡ್ತೈತೋ ಇಲ್ವೋ ನೋಡ್ಬೇಕಲ್ಲ" ಎಂದು ಜಂಪಣ್ಣ ಅದನ್ನು ಒಂದು ತಿಂಗಳು ನೋಡಿದ.

"ಏನೋ ಅದು, ಹಗಲೂ ಇರುಳೂ?" ಎಂದು ಕಲ್ಲೇಶಪ್ಪ ಕೇಳಿದಾಗ ಅವನು ಉತ್ಸಾಹದಿಂದ ವಿವರಿಸಿದ್ದ.

"ಒಬ್ಬ ಸವಾರ ಇರ್ತಾನಣ್ಣ. ಒಂದು ದೊಡ್ಡ ನಾಡು. ಕಾಡೈತೆ, ಹೊಳೆ ಐತೆ, ಊರೂರೈತೆ. ಯಾವ ದಿಕ್ಕಿಗಾದ್ರೂ ಹೋಗು, ಯಾರ್ನಾದ್ರೂ ಮಾತಾಡ್ಸು, ಕೇಳೋರಿಲ್ಲ. ನಿನ್ನ ಪುರಾಣದಾಗೆ ಕವಿ ಕೈ ಹಿಡಿದು ಕರ್ಕೊಂಡು ಹೋಗ್ತಾನೆ. ಇಲ್ಲಿ ನಾವೇ ದಾರಿ ಹುಡುಕ್ಬೇಕು. ಕೊನೇಗೆ ಒಂದು ಕಲ್ಲು ಸೇತುವೆ. ಮೇಲಿಂದ ಬಂಡೆ ಉದುರ್ತಾವೆ. ಅದನ್ನ ದಾಟಿ ಆಚೆ ಕೋಟೇಲಿ ದೀಪ ಹಚ್ಚಿದ್ರೆ ನಾಡಿಗೆಲ್ಲ ಬೆಳಕು."

"ನೀನು ಹಚ್ಚಿದ್ಯಾ?"

"ಹ್ಞೂಂ. ಬೇಕಾದಷ್ಟು ಸಲ. ಬಂಡೆ ಜಾಸ್ತಿ ಬಂದಾಗ ಮಿಷನ್ನೇ ಉಸಿರು ಕಟ್ದಂಗೆ ತಡೀತೈತೆ. ಆ ಸಂದೀಲಿ ನುಗ್ಗಿಬಿಡ್ಬೇಕು."

ಆಟದಲ್ಲಿ ಆ ಸೇತುವೆ ಬಂದಾಗ ಒಂದು ವಾದ್ಯದ ರಾಗ ಕೇಳುತ್ತಿತ್ತು. ಜಂಪಣ್ಣ ಬೆಸುಗೆ ಹಾಕುತ್ತಾ ಅದನ್ನೇ ಗುನುಗುತ್ತಿದ್ದ. ಅಕ್ಕಿ ಕೇರುತ್ತಾ ಅವನ ಅತ್ತಿಗೆಯೂ ಅದನ್ನು ಕಲಿತಳು. ತಿಂಗಳಾದ ಮೇಲೆ ಮಿಷನ್ ಕೆರೆಬಿಳಚಿಗೆ ಹಿಂತಿರುಗಿತು. ರಾಗ ಮಾತ್ರ ಮನೆಯಲ್ಲೇ ಉಳಿಯಿತು.

ಹೊನ್ನಾಳಿಯಲ್ಲಿ ನಾಗರಾಜಪ್ಪ ಎಂಬ ಅಡಿಕೆ ವ್ಯಾಪಾರಿ ಬಸ್‌ ಸ್ಟ್ಯಾಂಡಿನ ಹಿಂದೆ ಒಂದು ವೀಡಿಯೋ ಪಾರ್ಲರ್ ಇಟ್ಟಿದ್ದ. ಅವನ ಷಡ್ಡಕ ಅಮೆರಿಕದಿಂದ ಬರುವಾಗ ಅಂಥದೇ ಆಟ, ಅದಕ್ಕೆ ಹೊಂದುವ ಟಿವಿ, ಆ ಟಿವಿಗೆ ಬೇಕಾದ ಕರೆಂಟಿಗೆಂದು ಇಟ್ಟಿಗೆಯಷ್ಟು ಭಾರದ ಒಂದು ಪೆಟ್ಟಿಗೆ, ಎಲ್ಲವನ್ನೂ ತಂದುಕೊಟ್ಟಿದ್ದ. ಊರಿನವರೆಲ್ಲ ಬಂದು ಆಡಿದರು. ಸೇತುವೆಯನ್ನು ಮಾತ್ರ ಯಾರೂ ದಾಟಲಿಲ್ಲ. ನ್ಯಾಮತಿಯಲ್ಲಿ ಇನ್ನೊಂದು ಅಂಗಡಿ ತೆರೆಯುವ ಯೋಚನೆಯಲ್ಲಿದ್ದ ನಾಗರಾಜಪ್ಪನಿಗೆ, ಟಿವಿ ರಿಪೇರಿಯೂ ಬರುವ, ಆಟವೂ ಬರುವ ಒಬ್ಬ ಆಳು ಬೇಕಿತ್ತು. ಯಾರೋ ಜಂಪಣ್ಣನ ಹೆಸರು ಹೇಳಿದರು. ಹೋಗಿ ಮಾತಾಡಿಸಿಕೊಂಡು ಬಂದ ಜಂಪಣ್ಣನ ಕಾಲು ನೆಲದ ಮೇಲಿರಲಿಲ್ಲ.

"ನ್ಯಾಮತಿ ಅಂಗಡಿ ಬೀಗದ ಕೈ ನಿಂಗೇ ಕೊಡ್ತೀನಿ ಅಂದ್ರಣ್ಣ. ಭಾನುವಾರ ಎಲ್ರ ಮುಂದೆ ಸೇತುವೆ ದಾಟಿ ತೋರ್ಸು, ಅಷ್ಟೇ ಅಂದ್ರು."

ಭಾನುವಾರ ಕಲ್ಲೇಶಪ್ಪನೂ ಜೊತೆಗೆ ಹೋದ. ಪಾರ್ಲರಿನಲ್ಲಿ ಜನ ಕಿಕ್ಕಿರಿದಿದ್ದರು. ನಾಗರಾಜಪ್ಪ ತನ್ನ ಬೀಗರನ್ನು, ಬಜಾರಿನ ಹಿರಿಯರನ್ನು ಮುಂದಿನ ಕುರ್ಚಿಗಳಲ್ಲಿ ಕೂರಿಸಿ, "ನೋಡ್ರಿ ನಮ್ಮ ಹುಡುಗನ ಕೈಚಳಕ" ಎಂದು ಮೀಸೆ ತಿರುವಿದ. ಜಂಪಣ್ಣ ಕಾಡು ದಾಟಿದ, ಹೊಳೆ ದಾಟಿದ. ಸೇತುವೆಯ ಮೇಲೆ ಮೂರು ಹೆಜ್ಜೆ ಇಟ್ಟೊಡನೆ ಬಂಡೆ ಬಡಿದು ಸವಾರ ಬಿದ್ದ. ಮತ್ತೆ ಆಡಿದ, ಮತ್ತೆ ಬಿದ್ದ. ಕಲ್ಲೇಶಪ್ಪನಿಗೆ ನೋಡಲಾಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಮಠದಲ್ಲಿ ಕೇಳಿದ ಒಂದು ಪದ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳತೊಡಗಿದ. ಅದೂ ಸರಾಗವಾಗಿ ಸಾಗಲಿಲ್ಲ. ಒಳಗಿನಿಂದ ಬರುತ್ತಿದ್ದ ಸೇತುವೆಯ ರಾಗ ಅವನ ಸಾಲು ಮುಗಿಯುವ ಮೊದಲೇ ಮುಗಿದು, ಹಿಂದಿನಿಂದ ತಳ್ಳುವವನಂತೆ ಮತ್ತೆ ಶುರುವಾಗುತ್ತಿತ್ತು. ಏನೋ ಸರಿಯಿಲ್ಲ ಅನ್ನಿಸಿತು. ನಾಚಿಕೆಯ ಭಾರದಲ್ಲಿ ಅದನ್ನು ಅಲ್ಲಿಗೇ ಬಿಟ್ಟ.

"ಇದು ಬಿರ್ರನೆ ಓಡ್ತೈತೆ ಯಜಮಾನ್ರೆ" ಎಂದು ಒಳಗೆ ಜಂಪಣ್ಣ ಹೇಳುತ್ತಿದ್ದ. "ನಾನು ಆಡಿದ್ದು ನಡೀತಿತ್ತು. ಇದು ತಡಿಯೋದೂ ಇಲ್ಲ, ಓಡೇ ಓಡ್ತೈತೆ."

"ಕುಣಿಯಾಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ" ಎಂದರು ಯಾರೋ. ಪಾರ್ಲರ್ ಬಿದ್ದು ಬಿದ್ದು ನಕ್ಕಿತು.

"ಅದೇ ಆಟ, ಅದೇ ಬೊಂಬೆ, ಅದೇ ಸೇತುವೆ" ಎಂದ ನಾಗರಾಜಪ್ಪ. ಬೀಗರ ಮುಂದೆ ಅವನ ಮುಖ ಕಪ್ಪಾಗಿತ್ತು. "ಆಟ ಬರ್ಲಿಲ್ಲ ಅಂದ್ರೆ ನಾನೇನು ಬೇಜಾರು ಮಾಡ್ಕಳ್ತಿರ್ಲಿಲ್ಲ ಕಣಪ್ಪ. ಬರ್ತೈತೆ ಅಂತ ಯಾಕೆ ಹೇಳ್ದೆ? ಇವತ್ತು ಆಟದಾಗೆ ಸುಳ್ಳು, ನಾಳೆ ಗಲ್ಲಾಪೆಟ್ಟಿಗೇಲಿ."

"ನಾನು ಸುಳ್ಳು ಹೇಳಿಲ್ಲ."

"ಹಂಗಾದ್ರೆ ನಾಳೆ ಬಿಟ್ಟು ಮುಂದಿನ ಸೋಮವಾರ ವೀರಭದ್ರ ದೇವರ ಗುಡಿಗೆ ಬಾ. ಕರ್ಪೂರ ಆರ್ಸಿ ಹೇಳು, ದಾಟಿದ್ದೀನಿ ಅಂತ. ನಾನು ಒಂದು ಮಾತೂ ಆಡದೆ ಬೀಗದ ಕೈ ಕೊಡ್ತೀನಿ."

ಜಂಪಣ್ಣ ಬಾಗಿಲಿಗೆ ಬಂದು ನಿಂತಿದ್ದ ಅಣ್ಣನ ಕಡೆ ತಿರುಗಲೂ ಇಲ್ಲ. "ಬರ್ತೀನಿ" ಎಂದುಬಿಟ್ಟ.

ಆ ವಾರವೆಲ್ಲ ಕಲ್ಲೇಶಪ್ಪನಿಗೆ ಅನ್ನ ಸೇರಲಿಲ್ಲ. ತಮ್ಮ ಸುಳ್ಳುಗಾರನೆಂದು ಅವನು ಪೂರಾ ನಂಬಿದ್ದನೆಂದಲ್ಲ. ಆದರೆ ಪಿಯುಸಿ ಫೇಲಾದಾಗ ಪಾಸ್ ಎಂದು ಹೇಳಿ ಬೀದಿಗೆಲ್ಲ ಸಕ್ಕರೆ ಹಂಚಿಸಿದ್ದ ತಮ್ಮ ಅವನು. ಹತ್ತರಲ್ಲಿ ಒಂದು ಪಾಲು ಸುಳ್ಳಿದ್ದರೂ? ಮದುವೆಯಾಗದ ಜಂಪಣ್ಣನಿಗೆ ಬೇರೆ ಮನೆ ಎಲ್ಲಿತ್ತು? ಆ ಉರಿ ಬಂದು ಕೂರುವುದು ಸರ್ವಮಂಗಳಮ್ಮ ಮಲಗುವ ಕೋಣೆಯಲ್ಲಿ.

ಭಾನುವಾರ ಸಂಜೆ ಮಠಕ್ಕೂ ಹೋಗದೆ ಅವನು ತಮ್ಮನನ್ನು ಹಿತ್ತಿಲಿಗೆ ಕರೆದ.

"ಜಂಪಣ್ಣ, ನಾಳೆ ಕರ್ಪೂರ ಮುಟ್ಟಬೇಡ."

"ನಾನು ದಾಟಿದ್ದೀನಣ್ಣ."

"ದಾಟಿರಬಹುದು. ದಾಟಿದಂಗೆ ಅನ್ನಿಸಿರಬಹುದು. ಒಂದು ಕೂದಲೆಳೆ ಹೆಚ್ಚುಕಮ್ಮಿ ಆದ್ರೆ... ನಿಮ್ಮ ಅತ್ತಿಗೆ ಮುಖ ನೋಡು. ಈ ಸಲಾನೂ ಏನಾದ್ರೂ ಆದ್ರೆ ಅವಳು ಉಳಿಯಲ್ಲ."

ಜಂಪಣ್ಣ ಬಾವಿಯ ಕಟ್ಟೆಯ ಪಾಚಿ ಕೆರೆಯುತ್ತಾ ಕೂತ. ಕೊನೆಗೆ ಕೇಳಿದ, "ನೀನು ನನ್ನ ನಂಬ್ತೀಯೋ ಇಲ್ವೋ, ಅಷ್ಟು ಹೇಳಿಬಿಡಣ್ಣ."

ಕಲ್ಲೇಶಪ್ಪ, "ನಂಬೋ ಮಾತಲ್ಲಪ್ಪ ಇದು" ಎಂದ.

ಮರುದಿನ ಗುಡಿಯ ಮುಂದೆ ಕರ್ಪೂರ ಉರಿಯುತ್ತಿತ್ತು. ನಾಗರಾಜಪ್ಪ ಕೈಕಟ್ಟಿ ನಿಂತಿದ್ದ, ನೋಡಲು ಬಂದವರು ಸುತ್ತ ನೆರೆದಿದ್ದರು. ಜಂಪಣ್ಣ ಕೈ ಚಾಚಿದ, ಹಾಗೆಯೇ ಹಿಂದಕ್ಕೆ ತೆಗೆದ.

"ನಾನು ದಾಟಿಲ್ಲ. ಸುಳ್ಳು ಹೇಳಿದ್ದೆ."

ಯಾರೋ ಒಬ್ಬರು ಥೂ ಎಂದರು. ನಾಗರಾಜಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟ. ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ಬಸ್ಸಿನಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಸೀಟಿನಲ್ಲಿ ಕೂತರು. ಕಲ್ಲೇಶಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಗೆ ಇಳಿದದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವೂ ಆಯಿತು.

ಜಂಪಣ್ಣ ಚನ್ನಗಿರಿಯಲ್ಲಿ ಉಳಿಯಲಿಲ್ಲ. ಟಿವಿ ರಿಪೇರಿಗೆ ಕೊಡಲು ಬಂದವರೂ "ಸುಳ್ಳು ಬಿಲ್ ಹಾಕಬೇಡಪ್ಪ" ಎಂದು ಚುಚ್ಚತೊಡಗಿದಾಗ ಅವನು ಬೆಸುಗೆಯ ಕಡ್ಡಿ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಂಡು ಜಗಳೂರಿಗೆ ಹೋದ. ಅಲ್ಲಿ ತಿಪ್ಪೇರುದ್ರಸ್ವಾಮಿ ಎಂಬುವವರ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಕೆಲಸ ಸಿಕ್ಕಿತು. ಜಗಲಿ ಖಾಲಿಯಾಯಿತು.

ಒಂದು ಮಧ್ಯಾಹ್ನ ಕಲ್ಲೇಶಪ್ಪ ಊಟಕ್ಕೆ ಒಳಗೆ ಬಂದಾಗ ಸರ್ವಮಂಗಳಮ್ಮ ಮೊರ ಹಿಡಿದು ಕೂತು ಗುನುಗುತ್ತಿದ್ದಳು. ಸೇತುವೆಯ ರಾಗ. ಅವನು ತಂಬಿಗೆ ಹಿಡಿದವನು ಹಾಗೇ ನಿಂತ.

"ಮಂಗಳಾ, ಅದನ್ನ ಇನ್ನೊಂದ್ಸಲ ಅನ್ನು."

"ಯಾಕ್ರೀ, ನಿಮ್ಗೆ ಬೇಜಾರಾಗ್ತೈತೇನೋ ಅಂತ ಮೆಲ್ಲಗೆ ಅಂತಿದ್ದೆ."

"ಅನ್ನು."

ಅವಳು ಅಂದಳು. ಅವನು ಕಣ್ಣು ಮುಚ್ಚಿ ಹೊನ್ನಾಳಿಯ ಬೆಂಚಿನ ಮೇಲೆ ಹೇಳಿಕೊಂಡಿದ್ದ ಪದ್ಯವನ್ನೇ ಒಳಗೆ ಹೇಳಿಕೊಂಡ. ಸಾಲು ಮುಗಿಯುವುದಕ್ಕೂ ರಾಗ ಮುಗಿಯುವುದಕ್ಕೂ ಸರಿಹೋಯಿತು. ಇನ್ನೊಂದು ಸಾಲು, ಅದೂ ಸರಿಹೋಯಿತು. ಅವನು ತಂಬಿಗೆ ಕೆಳಗಿಟ್ಟ.

"ಜಂಪಣ್ಣ ಹಿಂಗೇ ಹಾಡ್ತಿದ್ನಾ? ಇಷ್ಟೇ ನಿಧಾನ?"

"ಹಿಂಗೇ. ನಾನು ಅವನಿಂದ ಕಲ್ತಿದ್ದಲ್ವಾ? ಯಾಕ್ರೀ, ಮುಖ ಹಂಗ್ಯಾಕಾತು?"

ಊಟ ತಟ್ಟೆಯಲ್ಲೇ ಉಳಿಯಿತು. ಅವನು ಸೈಕಲ್ ಹತ್ತಿ ಕೆರೆಬಿಳಚಿಗೆ ಹೋದ. ಬಂಗಾರಪ್ಪ ಜಗಲಿಯಲ್ಲಿ ಅಡಿಕೆ ಆರಿಸುತ್ತಿದ್ದ.

"ಬರ್ರಿ ಬರ್ರಿ. ಏನು ಕಲ್ಲೇಶಪ್ನೋರೆ, ಬಿಸಿಲಾಗೆ?"

"ಆ ಆಟದ ಮಿಷನ್ ಒಂದ್ಸಲ ಹಾಕಿ ತೋರಿಸ್ತೀರಾ? ಸೇತುವೆ ತನಕ ಹೋಗಬೇಕು."

ಬಂಗಾರಪ್ಪ ವಿಚಿತ್ರವಾಗಿ ನೋಡಿದ. ಮಗಳನ್ನು ಕರೆದು ಹಾಕಿಸಿದ. ಮಗಳಿಗೆ ಸೇತುವೆಯ ತನಕ ಹೋಗುವುದೊಂದು ಗೊತ್ತಿತ್ತು, ದಾಟುವುದು ಗೊತ್ತಿರಲಿಲ್ಲ. ಕಲ್ಲೇಶಪ್ಪ ಪರದೆಯನ್ನು ನೋಡಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿದ. ರಾಗ ಬಂತು. ಹೊನ್ನಾಳಿಯದಕ್ಕಿಂತ ತುಸು ತಗ್ಗಿದ ಶ್ರುತಿ, ತುಸು ಎಳೆದ ನಡೆ. ಬಂಡೆಗಳು ಹೆಚ್ಚಿದಾಗ ರಾಗವೂ ಮುಗ್ಗರಿಸಿ, ಉಸಿರು ತಗೊಂಡು, ಮತ್ತೆ ನಡೆಯಿತು. ಪದ್ಯದ ಸಾಲುಗಳು ಅದರ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಡೆದವು.

"ಹೊನ್ನಾಳೀಲಿ ಇದೇ ಆಟ ಓಡ್ತೈತೆ ಬಂಗಾರಪ್ನೋರೆ" ಎಂದ, ದನಿ ಒಡೆದು. "ಇಲ್ಲಿ ನಡೀತೈತೆ."

"ಓಡ್ದೇ ಇನ್ನೇನು? ಅದು ಅಮೆರಿಕದ್ದಲ್ವಾ?" ಎಂದ ಬಂಗಾರಪ್ಪ, ಅದರಲ್ಲೇನು ದೊಡ್ಡ ವಿಷಯ ಎಂಬಂತೆ. "ನಮ್ಮ ಅಳಿಯ ಹೇಳ್ತಿದ್ದ. ಒಂದೊಂದು ದೇಶದ ಟಿವಿಗೆ ಒಂದೊಂದು ಓಟವಂತೆ. ಅಮೆರಿಕದ ಟಿವಿ ನಾಡಿ ಬಡಿದಂಗೆ ಸೆಕೆಂಡಿಗೆ ಅರವತ್ತು ಸಲ ಬಡೀತೈತೆ, ನಮ್ಮದು, ಮಸ್ಕತ್ತಿಂದು ಐವತ್ತು. ಟಿವಿ ಬಡಿದಂಗೆ ಆಟ ಹೆಜ್ಜೆ ಹಾಕ್ತೈತೆ. ಅಂಗಡಿಯೋನು ಅವನಿಗೆ, ನಿಮ್ಮೂರ ಟಿವಿಗೆ ಇದೇ ಸರಿ, ಆದ್ರೆ ಆಟ ಸ್ವಲ್ಪ ಮಂದ ಅಂತ ಹೇಳೇ ಕೊಟ್ನಂತೆ."

"ಇದನ್ನ ಜಂಪಣ್ಣನಿಗೆ ಯಾಕೆ ಹೇಳ್ಲಿಲ್ಲ?"

"ಅವನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಆಟದ ಸಾಮಾನು, ಅದಕ್ಕೆ ಗುಡಿ ಹತ್ತುತ್ತೀರಿ ಅಂತ ನನಗೇನು ಗೊತ್ತು?"

"ಅವನು ದಾಟಿದ್ದು ಇದರೊಳಗೆ ಉಳಿದಿರ್ತೈತಾ?"

"ಬಂದ್ ಮಾಡಿದ್ರೆ ಎಲ್ಲಾ ಅಳಿಸಿ ಹೋಗ್ತೈತೆ ಸ್ವಾಮಿ. ನೀರಿನ ಮೇಲೆ ಬರೆದಂಗೆ."

ವಾಪಸು ಬರುವಾಗ ಏರಿನಲ್ಲಿ ಸೈಕಲ್ ತಳ್ಳುತ್ತಾ ಕಲ್ಲೇಶಪ್ಪ ಯೋಚಿಸಿದ. ಕಿವಿ ಕೇಳಿದ್ದು ಇಷ್ಟೇ: ಎರಡು ಸೇತುವೆ ಒಂದೇ ಅಲ್ಲ. ಒಂದನ್ನು ದಾಟಿದವನು ಇನ್ನೊಂದರಲ್ಲಿ ಬೀಳಬಹುದು. ಆದರೆ ಜಂಪಣ್ಣ ಒಂದನ್ನು ದಾಟಿದ್ದನೇ? ಅದಕ್ಕೆ ಸಾಕ್ಷಿ ಭೂಮಿಯ ಮೇಲೆ ಇಲ್ಲ. ಇರುವುದು ಅವನ ಮಾತೊಂದೇ. ಆ ಮಾತನ್ನು ತಾನೇ ದೇವರ ಮುಂದೆ ಕೊಂದಿದ್ದ.

ಸಂಜೆ ಎಲ್ಲವನ್ನೂ ಹೆಂಡತಿಗೆ ಹೇಳಿದ. ಹಿತ್ತಿಲಿನಲ್ಲಿ ತಮ್ಮನಿಗೆ ಹೇಳಿದ ಮಾತನ್ನೂ ಬಿಡಲಿಲ್ಲ. ಸರ್ವಮಂಗಳಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಸಿಟ್ಟು ಬಂದಾಗ ಅವಳ ದನಿ ಇನ್ನೂ ತಗ್ಗುತ್ತಿತ್ತು.

"ನನ್ನ ಹೆಸರು ಹೇಳಿ ಅವನ ಬಾಯಾಗೆ ಸುಳ್ಳು ಹಾಕಿದ್ರಾ?"

"ನಿನಗೇನಾದ್ರೂ ಆಗ್ತೈತೆ ಅಂತ..."

"ಖರೆ ಹೇಳೋನ ಕೈಲಿ ದೇವರ ಮುಂದೆ ಸುಳ್ಳು ಹೇಳಿಸಿದ್ರೆ ಮಾತ್ರ ಏನೂ ಆಗಲ್ವಾ? ಅದ್ಯಾವ ಪುರಾಣದಾಗೆ ಕೇಳಿದ್ರಿ?"

ಅವಳು ಗೋಡೆ ಹಿಡಿದು ಎದ್ದಳು.

"ಹೋಗಿ ಸರಿ ಮಾಡ್ಕೊಂಡು ಬರ್ರಿ" ಎಂದಳು. "ನನಗೆ ಹೆದರಿಕೆ ಇಲ್ಲ ಅಂತಲ್ಲ. ಐತೆ. ಆದ್ರೂ ಹೋಗ್ರಿ."

ಸೋಮವಾರ ಅವನು ತನ್ನ ಅಂಗಡಿಯ ಡಬ್ಬಿಯಿಂದಲೇ ಕರ್ಪೂರ ಕಟ್ಟಿಕೊಂಡ. ಹೊನ್ನಾಳಿಗೆ ಹೋಗಿ ನಾಗರಾಜಪ್ಪನನ್ನು ಪಾರ್ಲರಿನಿಂದ ಕೈಮುಗಿದು ಕರೆದುಕೊಂಡು ಬಂದ. ಗುಡಿಯ ಮುಂದೆ ಹೂವಿನವರು, ಕಾಯಿ ಮಾರುವವರು ಸುತ್ತ ನೆರೆದರು. ಕಲ್ಲೇಶಪ್ಪ ಕರ್ಪೂರ ಹಚ್ಚಿದ. ಅಷ್ಟು ವರ್ಷ ಮಾರಿದವನು ಅದರ ಉರಿಯನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮನಸ್ಸಿಗೆ ಯಾವ ಪದ್ಯವೂ ಬರಲಿಲ್ಲ.

"ನನ್ನ ತಮ್ಮ ಜಂಪಣ್ಣ ಆ ಸೇತುವೆ ದಾಟಿದ್ದು ಖರೆ. ದಾಟಿಲ್ಲ ಅಂತ ಅವನ ಬಾಯಲ್ಲಿ ಹೇಳ್ಸಿದೋನು ನಾನು. ಇದರಾಗೆ ಸುಳ್ಳಿದ್ರೆ ಅದು ನನ್ನ ಮನೆಗೇ ಬರಲಿ."

ಅಂಗೈ ಒತ್ತಿದ. ಚರ್ಮ ಸುಟ್ಟ ವಾಸನೆ ಬಂತು. ಎತ್ತಿದಾಗ ಉರಿ ಆರಿತ್ತು.

ನಾಗರಾಜಪ್ಪ ಅವನ ಅಂಗೈ ಹಿಡಿದು ನೋಡಿದ. ಆಮೇಲೆ, "ನೀವು ಇಷ್ಟು ಮಾಡಿದ್ಮೇಲೆ ನಾನು ಇಲ್ಲ ಅನ್ನಾಕಾಗಲ್ಲ. ಊರ ಮುಂದೆ ಹೇಳ್ತೀನಿ, ಹುಡುಗ ಖರೆ ಅಂತ. ಆದ್ರೆ ನ್ಯಾಮತಿ ಬೀಗದ ಕೈ ನಮ್ಮ ಬೀಗರ ಕಡೆಯೋನಿಗೆ ಕೊಟ್ಟಾಗೈತೆ. ಇಸ್ಕೊಳ್ಳಾಕೆ ಬರಲ್ಲ" ಎಂದ. ಕಲ್ಲೇಶಪ್ಪ ತಲೆಯಾಡಿಸಿದ. ಅದನ್ನು ಕೇಳಲು ಅವನು ಬಂದಿರಲಿಲ್ಲ.

ಹೊನ್ನಾಳಿಯಿಂದ ದಾವಣಗೆರೆ, ದಾವಣಗೆರೆಯಿಂದ ಜಗಳೂರು. ಮೊದಲ ಬಾರಿಗೆ ಅವನಿಗೆ ಬಸ್ಸಿನ ಸದ್ದು ಹಿತವಾಗಿ ಕೇಳಿಸಿತು. ತಿಪ್ಪೇರುದ್ರಸ್ವಾಮಿಯವರ ಅಂಗಡಿಯಲ್ಲಿ ಜಂಪಣ್ಣ ನೆಲದ ಮೇಲೆ ಕೂತು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ತುಟಿ ಬಿಗಿದಿತ್ತು. ಗುನುಗು ಇರಲಿಲ್ಲ. ಅಣ್ಣನನ್ನು ಕಂಡು ಎದ್ದು, "ಅತ್ತಿಗೆ ಹೆಂಗವ್ಳೆ?" ಎಂದ ಮೊದಲು.

"ಚೆನ್ನಾಗವ್ಳೆ. ಅವಳೇ ಕಳ್ಸಿದ್ಲು."

ಜಂಪಣ್ಣನ ಕಣ್ಣು ಅಂಗೈಗೆ ಬಿತ್ತು. ಬೊಬ್ಬೆ ಎದ್ದು ನೀರು ತುಂಬಿತ್ತು. ಅವನು ಕೇಳುವ ಮೊದಲೇ ಕಲ್ಲೇಶಪ್ಪ ನಡೆದದ್ದನ್ನೆಲ್ಲ ಹೇಳಿದ: ಮೊರ, ಕೆರೆಬಿಳಚಿ, ಅರವತ್ತು, ಐವತ್ತು, ಗುಡಿ. ಜಂಪಣ್ಣ ಒಳಗೆ ಹೋಗಿ ಸ್ವಾಮಿಯವರ ಮನೆಯಿಂದ ಚೂರು ಬೆಣ್ಣೆ ತಂದು, ಅಣ್ಣನ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು ಸವರತೊಡಗಿದ.

"ಮಿಷನ್ ನಿಧಾನ ಅಂತ ಗೊತ್ತಾತು, ಸರಿ" ಎಂದ, ತಲೆ ಎತ್ತದೆ. "ನಾನು ದಾಟಿದ್ದನ್ನ ನೀನು ನೋಡಿಲ್ಲ. ಯಾರೂ ನೋಡಿಲ್ಲ. ಆದ್ರೂ ಕೈ ಇಟ್ಯಾ?"

"ಇಟ್ಟೆ."

"ಅತ್ತಿಗೆ ಅಂಥಾ ಸ್ಥಿತೀಲಿದ್ದಾಗ. ನಾನು ದಾಟಿರದೇ ಇದ್ದಿದ್ರೆ?"

ಕಲ್ಲೇಶಪ್ಪ ಹೇಳಬೇಕೆಂದಿದ್ದ ಮಾತು ಬೇರೆಯೇ ಇತ್ತು, ನಿನ್ನ ನಂಬ್ತೀನಿ ಅಂತ. ದಾರಿಯುದ್ದಕ್ಕೂ ಅದನ್ನೇ ಜೋಡಿಸಿಕೊಂಡು ಬಂದಿದ್ದ. ಆದರೆ ಬಾಯಿಂದ ಬಿದ್ದದ್ದು ಇದು:

"ದಾಟಿದ್ದೀಯಲ್ವಾ?"

ಬೆಣ್ಣೆ ಸವರುತ್ತಿದ್ದ ಬೆರಳು ನಿಂತಿತು. ಒಳಗೆ ಯಾರೋ ಮೋಟಾರೊಂದನ್ನು ಪರೀಕ್ಷೆಗೆ ಹಚ್ಚಿದರು. ಅದು ಮೊದಲು ನರಳಿ, ಆಮೇಲೆ ಓಟ ಹಿಡಿಯಿತು.

"ದಾಟಿದ್ದೀನಣ್ಣ" ಎಂದ ಜಂಪಣ್ಣ.

ಬೆರಳು ಮತ್ತೆ ನಿಧಾನವಾಗಿ ಬೊಬ್ಬೆಯ ಸುತ್ತ ಓಡಾಡಿತು, ಒತ್ತದಂತೆ, ನೋಯದಂತೆ. ಕಲ್ಲೇಶಪ್ಪ ಕೈ ಎಳೆದುಕೊಳ್ಳಲಿಲ್ಲ. ಕ್ಷಮಿಸು ಎನ್ನಲೂ ಅವನಿಗೆ ಆಗಲಿಲ್ಲ. ಒಂದು ಸಲ ಕೊಂದ ಮಾತನ್ನು ಬದುಕಿಸಲು ಬಂದವನು ಅದರ ಮೂಗಿಗೆ ಬೆರಳಿಟ್ಟು ಉಸಿರಿದೆಯೇ ಎಂದು ನೋಡಿಬಿಟ್ಟಿದ್ದ.

"ಊರಿಗೆ ಬಾ" ಎಂದ.

"ಮಗು ಹೆಸರಿಡೋ ದಿನ ಬರ್ತೀನಿ" ಎಂದು ಜಂಪಣ್ಣ ತಂತಿಯ ಸುರುಳಿಗೆ ಕೈ ಹಾಕಿದ. "ಅಲ್ಲೀತನ ನೀನು ಅತ್ತಿಗೆ ಹತ್ರ ಇರು. ಹುಷಾರು."